ಜಿಪ್ ಎಳೆದುಕೊಂಡ ಬೆಳಗ್ಗೆ

ಸ್ಟಾಕ್‌ಹೋಮ್

ಪ್ರೀತಿಯ ಅಮ್ಮನಿಗೆ ನಿನ್ನ ಮಗ ಮಾಡುವ ನಮಸ್ಕಾರಗಳು.

ನಾವು ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಈಗ ಹೇಗಿದೆ?

ಭಾನುವಾರ ಫೋನಿನಲ್ಲಿ ನೀನು ನನ್ನ ಮಗಳು ಪುಟ್ಟಿಯ ಬಗ್ಗೆ "ಹಟ ಜಾಸ್ತಿ ಆಯ್ತು, ಎರಡು ಬಿಡು, ಸರಿಹೋಗ್ತಾಳೆ" ಅಂದೆ. ನಾನು ಸುಮ್ಮನಾದೆ. ಯಾಕೆ ಗೊತ್ತಾ? ಶುಕ್ರವಾರವೇ ಒಂದು ಬಿಟ್ಟಿದ್ದೆ.

ಬೆಳಗ್ಗೆ ಏಳೂವರೆ. ಡಿಸೆಂಬರಿನಲ್ಲಿ ಇಲ್ಲಿ ಆಗಿನ್ನೂ ಕತ್ತಲೆ. ಆಫೀಸಿಗೆ ಹೊತ್ತಾಗಿತ್ತು. ಪುಟ್ಟಿ ಚಳಿಕೋಟು ಬೇಡ ಅಂತ ಬಾಗಿಲ ಹತ್ತಿರ ಬಿದ್ದು ಹೊರಳಾಡುತ್ತಿದ್ದಳು. ತೊಡೆಗೆ ಒಂದು ಏಟು ಕೊಟ್ಟೆ. ಅಳಲಿಲ್ಲ ಅಮ್ಮ. ಎದ್ದು ಕೂತು, ತಾನೇ ತೋಳು ತೂರಿಸಿ, ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡಳು. ಎಳೆಯುವಾಗ ಅವಳ ಕಣ್ಣು ನನ್ನ ಕೈ ಮೇಲೇ ಇತ್ತು. ನಾಲ್ಕು ವರ್ಷದ ಮಗು.

ಮಕ್ಕಳಿಗೆ ಮನೆಯಲ್ಲೂ ಹೊಡೆಯುವಂತಿಲ್ಲ ಅಂತ 1979ರಲ್ಲೇ ಇಲ್ಲಿ ಕಾನೂನು ಬಂತು. ಹಾಗೆ ಮಾಡಿದ ಮೊದಲ ದೇಶ ಸ್ವೀಡನ್ನೇ. ಎರಡು ತಿಂಗಳು ಹಾಲಿನ ಪೊಟ್ಟಣದ ಮೇಲೂ ಅದನ್ನು ಅಚ್ಚು ಹಾಕಿಸಿದ್ದರಂತೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯಬಾರದು ಅನ್ನುತ್ತದೆ, ಮನೆಯ ಮಾತು ಅದರಲ್ಲಿಲ್ಲ. ಹಾಗಂತ ಇಲ್ಲಿ ಕಾನೂನಿಗೆ ಹೆದರಿ ಕೈ ಕಟ್ಟಿಕೊಂಡಿದ್ದು, ತಿಪಟೂರಿನಲ್ಲಿ ಬಸ್ಸಿಳಿದ ಮೇಲೆ ಹೊಡೆಯಬಹುದಾ? ತೊಡೆ ಅದೇ ಮಗುವಿನದು ಅಲ್ವಾ?

ನಿನ್ನನ್ನು ದೂರುತ್ತಿಲ್ಲ. ಹುಣಸೆ ಬರಲಿನ ಬಾಸುಂಡೆ ನೆನಪಿದೆ. ನನಗೆ ನಿದ್ದೆ ಬಂದಿದೆ ಅಂದುಕೊಂಡು ರಾತ್ರಿ ನೀನು ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಿದ್ದದ್ದೂ ನೆನಪಿದೆ. ನಾನು ಎಚ್ಚರವಾಗೇ ಇರುತ್ತಿದ್ದೆ. ನಿನ್ನ ಬೆರಳು ನಡುಗುತ್ತಿತ್ತು. ಹೊಡೆಯುವುದು ನಿನಗೂ ಬೇಕಿರಲಿಲ್ಲ, ಬೇರೆ ದಾರಿ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೆ.

ಅವತ್ತು ಸಂಜೆ ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು "ಅಪ್ಪ ಹೊಡೆದದ್ದು ತಪ್ಪು" ಅಂದೆ. ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡರೆ ತಲೆ ಮೇಲೆ ಕೂರುತ್ತಾರೆ ಅಂತ ಅಪ್ಪ ಹೇಳುತ್ತಿದ್ದರು. ಕೂತರೆ ಕೂರಲಿ. ಅವಳು ಇನ್ನೊಂದು ಸಲ ನನ್ನ ಕೈಯನ್ನು ಹಾಗೆ ನೋಡುವುದು ಬೇಡ.

ಜೂನ್ ಕೊನೆಗೆ ಬರುತ್ತೇವೆ. ನನ್ನದೊಂದು ಮಾತು ನಡೆಸಿಕೊಡು. ಊಟಕ್ಕೆ ಹಟ ಮಾಡಿದರೆ "ಬರಲು ತರ್ತೀನಿ" ಅಂತ ಯಾರೂ ಹೆದರಿಸುವುದು ಬೇಡ, ತಮಾಷೆಗೂ ಬೇಡ. ಚಿಕ್ಕಪ್ಪನಿಗೆ ನೀನೇ ಹೇಳು, ನಾನು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮೊಸರನ್ನಕ್ಕೆ ಚಿಟಿಕೆ ಸಕ್ಕರೆ ಹಾಕಿದರೆ ಪುಟ್ಟಿ ತಿನ್ನುತ್ತಾಳೆ.

ಇಂತಿ,
ನಿನ್ನ ಮಗ