ನೀರು ತುಂಬುವ ಹಬ್ಬದ ದಿನ ಅಪ್ಪನ ಕಂಪ್ಯೂಟರ್ ಬಿಚ್ಚಿದೆ

ಪ್ರಿಯ ಗೆಳೆಯ,

ದೀಪಾವಳಿಗೆ ಬಂದೇ ಬರ್ತೀನಿ ಅಂದವನು ಈ ಸಲವೂ ಕೈಕೊಟ್ಟೆ. ಇರಲಿ ಬಿಡು. ನೀನು ಬರದಿದ್ದದ್ದಕ್ಕೆ ನಮ್ಮ ಮನೆಯಲ್ಲಿ ಒಬ್ಬರಿಗೆ ಸಮಾಧಾನವೇ ಆಯಿತು. ಅಪ್ಪನಿಗೆ. ಯಾಕೆ ಅನ್ನುವುದು ನಿನಗೆ ಗೊತ್ತಿರಬೇಕು. ಮರೆತಿದ್ದರೆ ಕೆಳಗೆ ನೆನಪಿಸುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್ ನಿಲ್ಲುತ್ತದೆ ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದನ್ನು ಓದಿದ ದಿನವೇ ಅಪ್ಪ ಫೋನ್ ಮಾಡಿದ್ದರು. "ನಾಳೆಯಿಂದ ಕಂಪ್ಯೂಟರ್ ಆನ್ ಮಾಡಬಹುದೋ, ಬೇಡವೋ?" ಆನ್ ಆಗುತ್ತದೆ, ಹೊಸ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ ಅಷ್ಟೆ ಎಂದೆ. ಒಂದು ಗಳಿಗೆ ಸುಮ್ಮನಿದ್ದರು. "ಹಾಗಾದ್ರೆ ಬೋರ್ಡೋ ಔಷಧಿ ಹೊಡೆಯದ ಅಡಿಕೆ ತೋಟ ಇದ್ದ ಹಾಗೆ ಅನ್ನು. ಮರ ಇರ್ತದೆ. ಕೊಳೆರೋಗ ಬಂದ್ರೆ ಕೇಳುವವರಿಲ್ಲ." ಇಷ್ಟು ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಆ ಕಂಪ್ಯೂಟರ್ 2014ರದ್ದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ತಂದಾಗ ವಿಂಡೋಸ್ 7 ಇತ್ತು. 2016ರ ಜುಲೈ ವರೆಗೆ ಪುಕ್ಕಟೆ ಅಪ್‌ಗ್ರೇಡ್ ಇತ್ತಲ್ಲ, ಆಗ 10ಕ್ಕೆ ಹಾರಿದ್ದೆವು. ಈಗ 11ಕ್ಕೆ ಹಾರುವ ಹಾಗಿಲ್ಲ. ಅದಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ನಮ್ಮದಕ್ಕೆ ಎರಡೂ ಇಲ್ಲ. ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರ ವರೆಗೆ, ಹೆಸರು ನೋಂದಾಯಿಸಿಕೊಂಡರೆ ಅಪ್‌ಡೇಟ್ ಕೊಡುತ್ತಾರೆ. ಆದರೆ ಅದು ವಾಯಿದೆ ಮುಂದೆ ಹಾಕಿದ ಹಾಗೆ, ಅಲ್ವಾ? ಹೊಸ ಕಂಪ್ಯೂಟರ್ ತರೋಣ ಎಂದರೆ ಅಪ್ಪ ಒಪ್ಪಲಿಲ್ಲ. "ಇದಕ್ಕೇನಾಗಿದೆ?" ಏನೂ ಆಗಿಲ್ಲ, ಅದೂ ನಿಜ.

ಹಾಗಾಗಿ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕುವುದು ಅಂತ ತೀರ್ಮಾನ ಮಾಡಿದೆ. ಹಬ್ಬಕ್ಕೆ ಬರುವಾಗ ಎರಡು ಸಾವಿರದೊಳಗೆ ಸಿಕ್ಕ 240 ಜಿಬಿಯ ಒಂದು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್, ಹಿಡಿದುಕೊಂಡು ಬಂದೆ.

ಬ್ಯಾಗಿನಿಂದ ಅದನ್ನು ತೆಗೆಯುತ್ತಿದ್ದ ಹಾಗೇ ಅಪ್ಪ ಬಾಗಿಲ ಕಡೆ ನೋಡಿ ಕೇಳಿದ್ದು ಒಂದೇ ಮಾತು: "ಆ ಹುಡುಗನೂ ಬಂದಿದ್ದಾನಾ?"

ನೆನಪಾಯಿತಾ? 2003, ಬೇಸಿಗೆ ರಜೆ. ವಿಂಡೋಸ್ 98 ಇದ್ದ ನಮ್ಮ ಮನೆಯ ಮೊದಲನೇ ಕಂಪ್ಯೂಟರಿಗೆ ಎಕ್ಸ್‌ಪಿ ಹಾಕುತ್ತೇನೆ ಅಂತ ನೀನು ಒಂದು ಸಿಡಿ ತಂದಿದ್ದೆ. ಅದು ಎಲ್ಲಿಂದ ಬಂತು ಅಂತ ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. 25 ಅಕ್ಷರದ ಕೀಯನ್ನು ನಾನು ಓದಿ ಹೇಳಿದ್ದು, ನೀನು ಒತ್ತಿದ್ದು. ಇನ್ನು 39 ನಿಮಿಷ ಅಂತ ತೋರಿಸುತ್ತಾ ಒಂದೂವರೆ ಗಂಟೆ ತೆಗೆದುಕೊಂಡಿದ್ದು. ಆಮೇಲೆ ಪರದೆ ಮೇಲೆ ಆ ಹಸಿರು ಗುಡ್ಡದ ಚಿತ್ರ ಬಂದಾಗ ಅಪ್ಪ ಕುದುರೆಮುಖ ಅಂದುಕೊಂಡಿದ್ದರು. ಅದು ಕ್ಯಾಲಿಫೋರ್ನಿಯಾದ ಗುಡ್ಡ, 1996ರಲ್ಲಿ ತೆಗೆದ ನಿಜವಾದ ಫೋಟೋ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಗುಡ್ಡ ನೋಡಿ ಖುಷಿಪಟ್ಟ ಅಪ್ಪ ಕೇಳಿದರು, "ನನ್ನ ಫೈಲ್ ಎಲ್ಲಿ?"

ನೀನು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದ್ದೆ. ಅಪ್ಪನ ಫೈಲ್ ಅದರಲ್ಲೇ ಇತ್ತು. ಮೂರು ತಿಂಗಳು ಕೂತು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಒಂದೊಂದೇ ಬೆರಳಲ್ಲಿ ಟೈಪ್ ಮಾಡಿದ ನಮ್ಮ ಕಡೆಯ ಮಾತುಗಳ ಪಟ್ಟಿ. ಒಂದು ಫ್ಲಾಪಿಗೆ ಹಾಕಿಟ್ಟಿದ್ದರೆ ಸಾಕಿತ್ತು. 1.44 ಎಂಬಿಯಲ್ಲಿ ಅಂಥ ಪಟ್ಟಿ ಹತ್ತು ಹಿಡಿಸುತ್ತಿತ್ತು. ಅಪ್ಪ ನಿನಗೆ ಏನೂ ಅನ್ನಲಿಲ್ಲ. ಕಾಫಿ ಕುಡಿದು ಹೋಗು ಎಂದರು. ಮಾರನೇ ದಿನ ನೋಟ್‌ಬುಕ್ ತೆಗೆದು ಮತ್ತೆ "ಅ"ದಿಂದ ಶುರು ಮಾಡಿದರು. ಏನೂ ಅನ್ನಲಿಲ್ಲ ಅಂದರೆ ಮರೆತರು ಅಂತ ಅರ್ಥವಲ್ಲ ಮಾರಾಯ.

ಈ ಸಲ ನಾನು ಮಾಡಿದ ಮೊದಲ ಕೆಲಸ ಅಪ್ಪನ ಎದುರೇ ಎರಡು ಪೆನ್‌ಡ್ರೈವಿಗೆ ಎಲ್ಲ ಫೈಲ್ ಕಾಪಿ ಮಾಡಿದ್ದು. ಎರಡನೇ ಕೆಲಸ, ಡಬ್ಬ ಬಿಚ್ಚಿ ಹಳೇ ಹಾರ್ಡ್ ಡಿಸ್ಕಿನ ವೈರನ್ನೇ ಕಿತ್ತಿಟ್ಟಿದ್ದು. ಇನ್‌ಸ್ಟಾಲ್ ಮಾಡುವಾಗ ಆ ಡಿಸ್ಕ್ ಕಾಣಿಸಲೇಬಾರದು. ಕಾಣಿಸದಿದ್ದರೆ ತಪ್ಪಿ ಅಳಿಸುವುದಕ್ಕೂ ಆಗುವುದಿಲ್ಲ. ಇಪ್ಪತ್ತೆರಡು ವರ್ಷಕ್ಕೆ ಬಂದ ಬುದ್ಧಿ.

ಅವತ್ತು ನೀರು ತುಂಬುವ ಹಬ್ಬ. ಬಚ್ಚಲಲ್ಲಿ ಅಮ್ಮ ಹಂಡೆ ತಿಕ್ಕಿ, ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಿದ್ದಳು. ಜಗಲಿಯಲ್ಲಿ ನಾನು ಕಂಪ್ಯೂಟರಿನ ಫ್ಯಾನಿನಿಂದ ಹನ್ನೊಂದು ವರ್ಷದ ದೂಳು ತೆಗೆಯುತ್ತಿದ್ದೆ. "ಒಳ್ಳೇ ದಿನ ನೋಡಿಯೇ ತೊಳೆಯೋಕೆ ಹಿಡಿದಿದ್ದೀಯ" ಎಂದಳು.

ಹಾಕಿದ್ದು ಮಿಂಟ್ 22.2. ಉಬುಂಟು 24.04 ಅನ್ನುವ ಇನ್ನೊಂದು ಲಿನಕ್ಸಿನ ಮೇಲೆ ಕಟ್ಟಿದ್ದು, 2029ರ ವರೆಗೆ ಅಪ್‌ಡೇಟ್ ಬರುತ್ತದೆ. ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನುವ ಹಗುರದ್ದನ್ನು ಆರಿಸಿದೆ. 4 ಜಿಬಿ ರ‍್ಯಾಮಿಗೆ ಅದೇ ಸರಿ. ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಡಿಸ್ಕಿಗೆ ಏನೂ ಹಾಕದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಇಂಟರ್‌ನೆಟ್ ಬರುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಸಿಗುತ್ತದಾ, ಎಲ್ಲ ಮೊದಲೇ ಗೊತ್ತಾಗುತ್ತದೆ. ಪ್ರಿಂಟರ್ ತಾನಾಗಿ ಸಿಕ್ಕಿತು. ಅದೇ ಪ್ರಿಂಟರಿನ ಸ್ಕ್ಯಾನರ್ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಇನ್‌ಸ್ಟಾಲ್ ಅರ್ಧ ಆಗಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಒಂದು ಸಲ ಕೂಗಿ ಸತ್ತಿತು. ಹೊಸ ಡಿಸ್ಕ್ ತಾನೇ, ಕರೆಂಟ್ ಬಂದ ಮೇಲೆ ಮೊದಲಿಂದ ಶುರು ಮಾಡಿದೆ. ಕರೆಂಟಿಗೆ ಕಾದದ್ದು ಎರಡು ಗಂಟೆ, ಇನ್‌ಸ್ಟಾಲ್ ಆಗಿದ್ದು ಇಪ್ಪತ್ತು ನಿಮಿಷ.

ಮೊದಲು ಕಂಪ್ಯೂಟರ್ ಆನ್ ಮಾಡಿ ಅಪ್ಪ ಎಲೆ ಅಡಿಕೆ ಹಾಕಿ ಮುಗಿಸುತ್ತಿದ್ದರು. ಈಗ ಸುಣ್ಣ ಹಚ್ಚುವುದರೊಳಗೆ ಆನ್ ಆಗಿರುತ್ತದೆ. ಇದು ಲಿನಕ್ಸಿನ ಮಹಿಮೆ ಅಂತ ಊರೆಲ್ಲ ಹೇಳಿಕೊಂಡು ಬರಬಹುದು. ಆದರೆ ಜಾಸ್ತಿ ಪಾಲು ಎಸ್‌ಎಸ್‌ಡಿಯದ್ದು. ಅದನ್ನೇ ಹಾಕಿ ವಿಂಡೋಸ್ 10 ಇಟ್ಟುಕೊಂಡಿದ್ದರೂ ವೇಗ ಬರುತ್ತಿತ್ತು.

ಮರುದಿನ ಹಳೇ ಡಿಸ್ಕಿನ ವೈರ್ ಸಿಕ್ಕಿಸಿದೆ. ಅಲ್ಲಿಂದ ಶುರುವಾಯಿತು ನೋಡು.

ನುಡಿ ಸಾಫ್ಟ್‌ವೇರ್ ಇರುವುದು ವಿಂಡೋಸಿನಲ್ಲಿ. ಬೇಕಾದಾಗ ಅದನ್ನೂ ತೆರೆಯಬೇಕಲ್ಲ. ತೆರೆದರೆ ಬೆಳಿಗ್ಗೆ ಹತ್ತೂವರೆಗೆ ಗಡಿಯಾರ ಐದು ಗಂಟೆ ತೋರಿಸುತ್ತಿದೆ. ಅಪ್ಪನೇ ಕಂಡುಹಿಡಿದಿದ್ದು. "ಇದಕ್ಕೆ ಇನ್ನೂ ಬೆಳಗೇ ಆಗಿಲ್ಲ." ಸರಿಯಾಗಿ ಐದೂವರೆ ಗಂಟೆ ಹಿಂದೆ! ಆಗ ಹೊಳೆಯಿತು. ಕಂಪ್ಯೂಟರಿನ ಒಳಗೊಂದು ಗಡಿಯಾರ ಇದೆಯಲ್ಲ, ಅದರಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಬರೆದಿಡುತ್ತದೆ. ತೋರಿಸುವಾಗ ಮಾತ್ರ ಐದೂವರೆ ಗಂಟೆ ಸೇರಿಸಿ ನಮ್ಮ ಸಮಯ ತೋರಿಸುತ್ತದೆ. ವಿಂಡೋಸ್ ಆ ಗಡಿಯಾರದಲ್ಲಿ ಇರುವುದೇ ನಮ್ಮೂರ ಸಮಯ ಅಂದುಕೊಂಡು ಓದುತ್ತದೆ. ಒಂದೇ ಮನೆಯಲ್ಲಿ ಇಬ್ಬರು, ಎರಡು ಪಂಚಾಂಗ. ಲಿನಕ್ಸಿಗೆ ಒಂದು ಸಾಲಿನ ಕಮ್ಯಾಂಡ್ ಕೊಟ್ಟು, ನೀನೂ ಊರ ಸಮಯವನ್ನೇ ಬರೆ ಎಂದೆ. ಸರಿಯಾಯಿತು.

ಆಮೇಲೆ ಮಿಂಟಿನಿಂದ ಹಳೇ ಡಿಸ್ಕ್ ತೆರೆದರೆ ಫೈಲ್ ಕಾಣುತ್ತದೆ, ಸೇವ್ ಮಾಡಲು ಬಿಡುವುದಿಲ್ಲ. ಇದೂ ವಿಂಡೋಸಿನ ಒಂದು ಅಭ್ಯಾಸ. ಬೇಗ ಏಳಬೇಕು ಅಂತ ಅದು ಪೂರ್ತಿ ಮಲಗುವುದೇ ಇಲ್ಲ. ಶಟ್‌ಡೌನ್ ಅಂದರೂ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತದೆ. ಫಾಸ್ಟ್ ಸ್ಟಾರ್ಟಪ್ ಅನ್ನುವುದನ್ನು ತೆಗೆದ ಮೇಲೆ ಡಿಸ್ಕ್ ಬಿಟ್ಟುಕೊಟ್ಟಿತು.

ಕೊನೆಗೆ ಅಪ್ಪನ ಪಟ್ಟಿ ತೆರೆದೆ. ಅಪ್ಪ ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು. ಪರದೆ ತುಂಬ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು ಎಳೆದ "ಎ"ಗಳು, ಏನೇನೋ ಚಿಹ್ನೆ. ಅಪ್ಪನ ಮುಖ 2003ಕ್ಕೆ ಹೋಯಿತು. ಒಂದೇ ನಿಮಿಷ ಅಪ್ಪ, ಏನೂ ಹೋಗಿಲ್ಲ ಎಂದೆ.

ನಿಜವಾಗಿಯೂ ಏನೂ ಹೋಗಿರಲಿಲ್ಲ. ಹಳೇ ನುಡಿ ಫೈಲಿನ ಒಳಗೆ ಇರುವುದೇ ಅದು. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲಿನ ಉಪಾಯ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಬರೆದ ಫಾಂಟ್ ಇಟ್ಟು ಕನ್ನಡ ಕಾಣುವ ಹಾಗೆ ಮಾಡಿದ್ದರು. ಫಾಂಟ್ ಇಲ್ಲದಿದ್ದರೆ ಬಣ್ಣ ಬಯಲು. "ಕನ್ನಡ" ಅನ್ನುವ ಪದದ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಕೂತಿರುತ್ತದೆ, ಗೊತ್ತಾ? "ನ"ದ ಪಾಲಿಗೆ ಬಂದದ್ದು ಅದು. ಅಪ್ಪನಿಗೆ ತೋರಿಸಿದೆ. "ಹೋದ್ರೂ ಬಿಟ್ಟಿಲ್ಲ ನೋಡು" ಅಂತ ನಕ್ಕರು.

ನುಡಿಯ ಫಾಂಟನ್ನು ಕಾಪಿ ಮಾಡಿ ಹಾಕಿದ ತಕ್ಷಣ ಪಟ್ಟಿ ಬಂತು. ದಬ್ಬೆ, ಸಂಕ, ದೋಟಿ, ಕೊಟ್ಟೆ, ಕೊನೆಗೌಡ, ದರಕು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಫೈಲ್ ಫೋನಿನಲ್ಲಿ ತೆರೆದರೆ ಮತ್ತೆ ಪೌಂಡ್. ಹೊಸದಾಗಿ ಟೈಪ್ ಮಾಡಿದ ಕನ್ನಡದಲ್ಲಿ "ಸಂಕ" ಅಂತ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಒಳಗೆ "ಸಂಕ" ಇಲ್ಲವೇ ಇಲ್ಲ. ಹಾಗಾಗಿ ಪೂರ್ತಿ ಯುನಿಕೋಡಿಗೆ ಬದಲಾಯಿಸೋಣ ಅಂತ ಕೂತೆ. ಪುಕ್ಕಟೆ ಪರಿವರ್ತಕಗಳಿವೆ, ಮುಕ್ಕಾಲು ಪಾಲು ಕೆಲಸ ಕ್ಷಣದಲ್ಲಿ ಆಗುತ್ತದೆ. ಉಳಿದ ಕಾಲು ಪಾಲು ನಮ್ಮ ಹಬ್ಬ ತಿಂದಿತು.

ಅರ್ಕಾವತ್ತು ನೋಡು. "ಕಾರ್ಯ" ಅಂತ ಬರೆದರೆ ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೇ "ಯ" ಆದ ಮೇಲೆ ಬರುತ್ತದೆ. ಯುನಿಕೋಡಿನಲ್ಲಿ ನಾಲಿಗೆ ಹೇಳುವ ಹಾಗೆ ಮೊದಲು "ರ್", ಆಮೇಲೆ "ಯ". ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಹೆಚ್ಚಿನ ಕಡೆ ಇಟ್ಟಿತ್ತು, ಕೆಲವು ಕಡೆ ಜಾರಿಸಿತ್ತು. ಅದಕ್ಕಿಂತ ತಮಾಷೆ, ಅಪ್ಪ ಅಲ್ಲಲ್ಲಿ ಗಿಡಮರಗಳ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಪರಿವರ್ತಕಕ್ಕೆ ಅದೂ ನುಡಿಯೇ. ಎಲ್ಲವನ್ನೂ ಬಾಯಿಗೆ ಬಾರದ ಕನ್ನಡ ಮಾಡಿ ಹಾಕಿತ್ತು. ಅಪ್ಪ ನೋಟ್‌ಬುಕ್ ಹಿಡಿದು ಓದುವುದು, ನಾನು ತಿದ್ದುವುದು. ನರಕ ಚತುರ್ದಶಿಯಿಂದ ಗೋಪೂಜೆಯ ಹಿಂದಿನ ರಾತ್ರಿವರೆಗೆ ಇದೇ ಆಯಿತು. ನಡುವೆ ಒಂದೊಂದು ಪದಕ್ಕೆ ಅಪ್ಪ ಒಂದೊಂದು ಕಥೆ ತೆಗೆಯುತ್ತಿದ್ದರು. ನಾನು ಬೇಗ ಮುಗಿಸೋಣ ಅನ್ನಲಿಲ್ಲ.

ಟೈಪಿಂಗ್ ವಿಷಯ ನನಗೆ ನಿಜವಾದ ಭಯ ಇತ್ತು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಹೊಸ ಕೀಲಿಮಣೆ ಕಲಿ ಅಂತ ಹೇಗೆ ಹೇಳುವುದು? ಕನ್ನಡ ಟೈಪ್ ಮಾಡಲು ಐಬಸ್, ಎಂ17ಎನ್ ಅಂತ ಎರಡು ಸಾಫ್ಟ್‌ವೇರ್ ಹಾಕಿದೆ. ಅದರ ಕನ್ನಡ ಕೀಲಿಮಣೆಗಳ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ ಕೆಜಿಪಿ ಅಂತಲೂ ಇತ್ತು. ಕೆ.ಪಿ. ರಾವ್ ಅವರ ವಿನ್ಯಾಸ, ನುಡಿಯಲ್ಲಿ ಇರುವಂಥದ್ದೇ. ಅಪ್ಪನಿಗೆ ಏನೂ ಹೇಳದೆ ಮುಂದೆ ಕೂರಿಸಿದೆ. ಒತ್ತಕ್ಷರಕ್ಕೆ ಬೆರಳು ತಾನಾಗಿ "ಎಫ್" ಮೇಲೆ ಹೋಯಿತು. "ಸಂಕ" ಅಂತ ಹೊಡೆದರು, ಹುಡುಕಿದರು, ಸಿಕ್ಕಿತು. ಮತ್ತೆ ಹುಡುಕಿದರು. ಇಪ್ಪತ್ತೆರಡು ವರ್ಷದ ಪಟ್ಟಿಯಲ್ಲಿ "ಸಂಕ"ವನ್ನು ಮೂರು ಕಡೆ ಬರೆದಿದ್ದು ಅವರಿಗೇ ಗೊತ್ತಿರಲಿಲ್ಲ.

ತಕರಾರು ಇಲ್ಲ ಅಂತಲ್ಲ. ಮೆನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಹಳೇ ಇಸ್ಪೀಟ್ ಆಟವೇ ಬೇಕಂತೆ, ಇದರಲ್ಲಿ ಎಲೆಗಳು ಬೇರೆ ಥರ ಇವೆಯಂತೆ. ಬಂದಿರುವ ಅಪ್‌ಡೇಟನ್ನೆಲ್ಲ ದಿನಾ ಫೋನ್ ಮಾಡಿ ನನಗೆ ಓದಿ ಹೇಳುತ್ತಾರೆ.

ಅಡಿಕೆ ಕೊನೆ ಕೊಯ್ಲು ಶುರುವಾಗುತ್ತದೆ, ಆಗಲಾದರೂ ಬಾ. ನಿನ್ನ ಹತ್ತಿರ ನಮ್ಮ ಕಾಲೇಜಿನ ಪತ್ರಿಕೆಯ ನುಡಿ ಫೈಲ್ ಇರುವ ಸಿಡಿ ಇದ್ದರೆ ತಾ, ಕೂತು ಬದಲಾಯಿಸೋಣ. ಆದರೆ ಬರುವ ಮೊದಲು ಒಂದು ಫೋನ್ ಮಾಡು. ಅಪ್ಪ ಪೆನ್‌ಡ್ರೈವ್ ಎತ್ತಿಡಬೇಕಂತೆ.

ನಿನ್ನ,
ಹಳೇ ಬೆಂಚ್‌ಮೇಟ್