ಪಾಚಿ ಎತ್ತಿಸುವ ಮೊದಲು ನೀರಿನ ರಂಜಕ ಅಳೆಸಿ: ಕೆರೆಗಳ ಹೊಣೆ ಹೊತ್ತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೆರೆ ಹಸಿರುಗಟ್ಟಿ ನಾತ ಹೊಡೆಯಲು ಶುರುವಾದಾಗ ಜನ ದೂರು ಹಿಡಿದು ಬರುವುದು ನಿಮ್ಮ ಬಳಿಗೇ. ಏನಾದರೂ ಮಾಡಲೇಬೇಕೆಂಬ ಒತ್ತಡದಲ್ಲಿ ದೋಣಿ ಇಳಿಸಿ ಪಾಚಿ ಎತ್ತಿಸುತ್ತಾರೆ, ಮೈಲುತುತ್ತ ಹಾಕಿಸುತ್ತಾರೆ, ನಡುನೀರಿನಲ್ಲಿ ಕಾರಂಜಿ ಕೂರಿಸುತ್ತಾರೆ. ನೀರು ಕೆಲವು ದಿನ ತಿಳಿಯಾದಂತೆ ಕಂಡು ಮತ್ತೆ ಹಸಿರಾಗುತ್ತದೆ. ಈ ಸುತ್ತು ನಿಲ್ಲಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಕೆರೆಯಲ್ಲಿ ಯಾವ ಪಾಚಿ ಬೆಳೆಯುತ್ತದೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ನೀರಿನಲ್ಲಿ ರಂಜಕ, ಸಾರಜನಕ, ಸಿಲಿಕಾ (ಮರಳು, ಗಾಜುಗಳ ಮೂಲವಸ್ತು) ಎಷ್ಟಿವೆ, ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದರ ಮೇಲೆ. ಅದನ್ನು ಅಳೆಯದೆ ಮಾಡುವ ಖರ್ಚೆಲ್ಲ ಕುರುಡು ಖರ್ಚು.

ಹಸಿರು ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಆರೋಗ್ಯವಾಗಿರುವ ಕೆರೆಯ ಹನಿಯಲ್ಲಿ ಗಾಜಿನ ಚಿಪ್ಪಿನ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳು, ನಾಲ್ಕು ನಾಲ್ಕಾಗಿ ಅಂಟಿಕೊಂಡ ಹಸಿರು ಪಾಚಿಯ ಕೋಶಗಳು, ಅವನ್ನು ಮೇಯುವ ನೀರುಚಿಗಟಗಳು ಎಲ್ಲವೂ ಸಿಗುತ್ತವೆ. ಕೆಟ್ಟ ಕೆರೆಯ ಹನಿಯಲ್ಲಿ ಹೆಚ್ಚಾಗಿ ಕಾಣುವುದು ಒಂದೆರಡು ಬಗೆಯ ನೀಲಿ-ಹಸಿರು ಪಾಚಿ ಮಾತ್ರ. ಅದರಲ್ಲಿ ಅನಬೀನಾ ಎಂಬ ಬಗೆ ಇದ್ದರೆ ಮಣಿಸರದಂಥ ಎಳೆಗಳು ಕಾಣುತ್ತವೆ. ಎಳೆಯ ನಡುವೆ ಅಲ್ಲಲ್ಲಿ ಒಂದೊಂದು ಮಣಿ ಉಳಿದವುಗಳಿಗಿಂತ ದಪ್ಪ, ಬಣ್ಣ ಪೇಲವ, ಗೋಡೆ ಗಟ್ಟಿ. ನೀರಿನಲ್ಲಿ ಕರಗಿರುವ ಸಾರಜನಕ ಅನಿಲವನ್ನು ಹಿಡಿದು ಆಹಾರವಾಗಿಸುವ ಕೋಶ ಅದೇ. ಉಳಿದ ಪಾಚಿಗಳು ಸಾರಜನಕದ ಕೊರತೆಯಿಂದ ಸೊರಗುವಾಗ ಇದಕ್ಕೆ ಆ ಚಿಂತೆಯಿಲ್ಲ. ರಂಜಕವೊಂದು ಸಿಕ್ಕರೆ ಸಾಕು.

ತೇಲುವ ಪಾಚಿ ಸರಾಸರಿ 16 ಸಾರಜನಕ ಪರಮಾಣುಗಳಿಗೆ 1 ರಂಜಕದ ಲೆಕ್ಕದಲ್ಲಿ ಮೈಕಟ್ಟಿಕೊಳ್ಳುತ್ತದೆ. ತೂಕದಲ್ಲಿ ಹೇಳುವುದಾದರೆ ಸುಮಾರು 7ಕ್ಕೆ 1. ನೀರಿನಲ್ಲಿ ಈ ಅನುಪಾತ ಕೆಳಗಿಳಿದರೆ ಸಾರಜನಕ ಹಿಡಿಯಬಲ್ಲ ಪಾಚಿಗೆ ಮೇಲುಗೈ. ಆದರೆ ಅನುಪಾತವೊಂದನ್ನೇ ನಂಬಿ ಕೂರುವಂತಿಲ್ಲ, ದಯವಿಟ್ಟು ಇದನ್ನು ಗಮನಿಸಿ. ಚರಂಡಿ ನೀರು ಬಂದು ಬೀಳುವ ಕೆರೆಯಲ್ಲಿ ಎರಡೂ ಬೇಕಾದಷ್ಟಿರುತ್ತವೆ. ಆಗ ಸಾರಜನಕ ಹಿಡಿಯಲಾರದ ಮೈಕ್ರೋಸಿಸ್ಟಿಸ್ ಎಂಬ ಇನ್ನೊಂದು ನೀಲಿ-ಹಸಿರು ಪಾಚಿ ಮೇಲೆ ತೇಲಿ ಕೆನೆಗಟ್ಟಿ, ಕೆಳಗಿನವುಗಳ ಬೆಳಕನ್ನೇ ಕಸಿಯುತ್ತದೆ. ಡಯಾಟಂಗಳ ಪಾಡು ಬೇರೆ. ಚಿಪ್ಪು ಕಟ್ಟಲು ಅವಕ್ಕೆ ಸಿಲಿಕಾ ಬೇಕು. ರಂಜಕ ಹೆಚ್ಚಾದ ನೀರಿನಲ್ಲಿ ಅವು ಮೊದಲು ಭರದಿಂದ ಬೆಳೆದು ಸಿಲಿಕಾ ಮುಗಿಸಿ ತಳ ಸೇರುತ್ತವೆ, ಜಾಗ ಇತರರ ಪಾಲಾಗುತ್ತದೆ.

ಆಳವಿಲ್ಲದ ಕೆರೆಗಳ ನಿಜವಾದ ತೊಡಕು ಇರುವುದು ತಳದ ಹೂಳಿನಲ್ಲಿ. ಎರಡು-ಮೂರು ಮೀಟರ್ ಆಳದ ನೀರನ್ನು ಗಾಳಿ ತಳದವರೆಗೂ ಕಲಕುತ್ತದೆ. ವರ್ಷಗಟ್ಟಲೆ ಬಂದು ಬಿದ್ದ ರಂಜಕ ಹೂಳಿನಲ್ಲಿ ಕಬ್ಬಿಣಕ್ಕೆ ಅಂಟಿ ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ತೀರಿದರೆ ಆ ಅಂಟು ಬಿಡುತ್ತದೆ. ಪಾಚಿಯೇ ಹಗಲಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ನೀರಿನ ಪಿಎಚ್ (ಕ್ಷಾರಗುಣ) ಏರಿಸಿದರೂ ಬಿಡುತ್ತದೆ. ಅಂದರೆ ಪಾಚಿ ತನಗೆ ಬೇಕಾದ ಗೊಬ್ಬರವನ್ನು ತಾನೇ ಹೂಳಿನಿಂದ ಮೇಲೆತ್ತಿಕೊಳ್ಳುತ್ತದೆ. ಇತ್ತ ಹೂಳಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತಿರುತ್ತವೆ. ಬಿಸಿಲುಗಾಲದಲ್ಲಿ ರಂಜಕ ಏರಿ, ಸಾರಜನಕ ಇಳಿದು, ಅನುಪಾತ ನೀಲಿ-ಹಸಿರಿನ ಕಡೆಗೇ ವಾಲುತ್ತದೆ.

ಸ್ವೀಡನ್ನಿನ ಟ್ರುಮೆನ್ ಸರೋವರಕ್ಕೆ ಹೋಗುತ್ತಿದ್ದ ಕೊಳಚೆಯನ್ನು ತಿರುಗಿಸಿ ವರ್ಷಗಳು ಕಳೆದರೂ ಅದು ಸುಧಾರಿಸಲಿಲ್ಲ. 1970 ಮತ್ತು 1971ರಲ್ಲಿ ತಳದ ಮೇಲ್ಪದರದ ಹೂಳು ತೆಗೆದ ಮೇಲೆಯೇ ಚೇತರಿಸಿಕೊಂಡಿತು. ಹೂಳು ತೆಗೆಸುವುದನ್ನು ನೀರು ಹಿಡಿಯುವ ಲೆಕ್ಕದಲ್ಲಷ್ಟೇ ನೋಡುವವರಿಗೆ ಇದನ್ನು ತೋರಿಸಬೇಕು.

ರಂಜಕ ಮುಖ್ಯವೋ ಸಾರಜನಕ ಮುಖ್ಯವೋ ಎಂಬ ವಾದ ನಿಮ್ಮ ತಜ್ಞರ ಸಭೆಯಲ್ಲೂ ಬರಬಹುದು. ಕೆನಡಾದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಲ್ಲಿ ಒಂದಾದ 227ನೇ ಸರೋವರಕ್ಕೆ 1969ರಿಂದ ಗೊಬ್ಬರ ಹಾಕುತ್ತ ಬಂದರು. 1990ರಲ್ಲಿ ಸಾರಜನಕ ನಿಲ್ಲಿಸಿ ರಂಜಕ ಮಾತ್ರ ಮುಂದುವರಿಸಿದರೂ ನೀರು ಹಸಿರಾಗಿಯೇ ಉಳಿಯಿತು. ಸಾರಜನಕ ಹಿಡಿಯುವ ಪಾಚಿಗಳು ಕೊರತೆಯನ್ನು ತುಂಬುತ್ತಿದ್ದವು. ಆದರೆ ಚೀನಾದ ತೈಹು ಸರೋವರದ ಸರಾಸರಿ ಆಳ ಸುಮಾರು 2 ಮೀಟರ್. ಅಲ್ಲಿ ಬೇಸಿಗೆಯಲ್ಲಿ ಹೂಳೇ ರಂಜಕ ಒದಗಿಸುವುದರಿಂದ ಹೊರಗಿನಿಂದ ಬರುವ ಸಾರಜನಕವೂ ಮೈಕ್ರೋಸಿಸ್ಟಿಸ್ ಬೆಳೆಸುತ್ತದೆ ಎಂದು ಗೊತ್ತಾಗಿದೆ. 2007ರಲ್ಲಿ ಆ ಸರೋವರದ ಪಾಚಿಯಿಂದ ವುಶಿ ನಗರದ ಸುಮಾರು 20 ಲಕ್ಷ ಜನ ಕುಡಿಯುವ ನೀರಿಗೆ ಪರದಾಡಿದರು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಮೊದಲ ಪಟ್ಟು ರಂಜಕದ ಮೇಲೇ ಬೀಳಬೇಕು, ಆದರೆ ಆಳವಿಲ್ಲದ ಕೆರೆಯಲ್ಲಿ ಸಾರಜನಕವನ್ನು ಸುಮ್ಮನೆ ಹರಿಯಬಿಡುವಂತಿಲ್ಲ.

ಮೈಲುತುತ್ತದ ಬಗ್ಗೆ ಒಂದು ಮಾತು. ಅದು ಪಾಚಿಯ ಕೋಶ ಒಡೆಯುತ್ತದೆ. ಒಳಗಿದ್ದ ಮೈಕ್ರೋಸಿಸ್ಟಿನ್ ಎಂಬ ಯಕೃತ್ತಿನ ವಿಷ ಒಮ್ಮೆಗೇ ನೀರಿಗೆ ಬರುತ್ತದೆ, ಕುದಿಸಿದರೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಕುಡಿಯುವ ನೀರಿನ ಕೆರೆಗಳಲ್ಲಿ ಇದನ್ನು ಕೂಡಲೇ ನಿಲ್ಲಿಸಿ.

ಕೊಳೆಯುವ ಕಸ ನೀರಿನ ಆಮ್ಲಜನಕವನ್ನು ಎಷ್ಟು ತಿನ್ನುತ್ತದೆ ಎಂದು ಅಳೆಯುವ ಬಿಒಡಿ ಪರೀಕ್ಷೆಯಲ್ಲಿ ಪಾಸಾದ ನೀರಿನಲ್ಲೂ ರಂಜಕ ತುಂಬಿರಬಹುದು. ಆದ್ದರಿಂದ ಕೊಳಚೆ ಶುದ್ಧೀಕರಣ ಘಟಕಗಳಿಂದ ಕೆರೆಗೆ ಬಿಡುವ ನೀರಿಗೆ ರಂಜಕ, ಸಾರಜನಕ ಎರಡರ ಮಿತಿಯನ್ನೂ ಕಡ್ಡಾಯ ಮಾಡಿ. ಪ್ರತಿ ಕೆರೆಯ ನೀರಿನಲ್ಲಿ ಒಟ್ಟು ರಂಜಕ, ಒಟ್ಟು ಸಾರಜನಕ, ಸಿಲಿಕಾಗಳನ್ನು ತಿಂಗಳಿಗೊಮ್ಮೆಯಾದರೂ ಅಳೆಸಿ, ಜೊತೆಗೆ ಯಾವ ಯಾವ ಪಾಚಿ ಇವೆ ಎಂದು ಎಣಿಸಿ ಬರೆಸಿ. ಹೂಳಿನ ರಂಜಕದ ಪರೀಕ್ಷೆ ಆಗದೆ ಯಾವ ಕೆರೆ ಅಭಿವೃದ್ಧಿ ಟೆಂಡರಿಗೂ ಸಹಿ ಹಾಕಬೇಡಿ. ಅಂಕಿಗಳೆಲ್ಲ ಜನರ ಕಣ್ಣಿಗೆ ಬೀಳುವಂತೆ ಕೆರೆಯ ದಂಡೆಯ ಫಲಕದಲ್ಲೇ ಬರೆಸಿ ಹಾಕಿಸಿ.

ಇಂತಿ,
ಕೆರೆ ನೀರು ಪರೀಕ್ಷಿಸುವ ಒಬ್ಬ ನಾಗರಿಕ