ಮಕ್ಕಳು ಮಕ್ಕಳಿಂದ ಕಲಿತ ಇಂಗ್ಲಿಷ್

ಲಂಡನ್ನಿನಲ್ಲಿ ಹದಿಹರೆಯದ ಮಕ್ಕಳಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಈಚೆಗೆ ಒಂದೇ ದೂರು ಪದೇ ಪದೇ ಕೇಳಿಬರುತ್ತದೆ: ಮಗ ನಮ್ಮೊಡನೆ ಒಂದು ಇಂಗ್ಲಿಷ್ ಆಡುತ್ತಾನೆ, ಗೆಳೆಯನ ಫೋನು ಬಂದ ಕ್ಷಣವೇ ಇನ್ನೊಂದಕ್ಕೆ ಹೊರಳುತ್ತಾನೆ, ಆ ಇನ್ನೊಂದು ನಾವು ಕಲಿತದ್ದೂ ಅಲ್ಲ, ಬಿಬಿಸಿಯ ವಾರ್ತೆಯಲ್ಲಿ ಕೇಳಿದ್ದೂ ಅಲ್ಲ. ‘ಬ್ರವ್’ (ಅಣ್ಣಾ), ‘ಫ್ಯಾಮ್’ (ಗೆಳೆಯಾ), ‘ವಾಗ್ವಾನ್’ (ಏನು ಸಮಾಚಾರ) ಎಂಬ ಮಾತುಗಳು ಕಿವಿಗೆ ಬಿದ್ದರೆ ಸಾಕು, ಹುಡುಗನ ಭಾಷೆ ಕೆಟ್ಟಿತೆಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪಿಗೆ ತಲೆದೂಗುವ ಮುನ್ನ ಈ ನುಡಿ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣವೆಂದು ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಭಾಷಾವಿಜ್ಞಾನಿಗಳು ಇದನ್ನು ಬಹುಸಾಂಸ್ಕೃತಿಕ ಲಂಡನ್ ಇಂಗ್ಲಿಷ್ ಎಂದು ಕರೆಯುತ್ತಾರೆ. ಜೆನ್ನಿ ಚೆಷೈರ್, ಪಾಲ್ ಕರ್ಸ್‌ವಿಲ್, ಸೂ ಫಾಕ್ಸ್ ಮತ್ತು ಐವಿಂಡ್ ಟೋರ್ಗರ್ಸನ್ 2004ರಿಂದ 2007ರವರೆಗೆ ಲಂಡನ್ನಿನ ಎರಡು ಬರೋಗಳಲ್ಲಿ, ಎಂದರೆ ಆಡಳಿತ ವಿಭಾಗಗಳಲ್ಲಿ, 16ರಿಂದ 19 ವರ್ಷದ ಯುವಕ ಯುವತಿಯರ ಮಾತನ್ನು ಧ್ವನಿಮುದ್ರಿಸಿಕೊಂಡು ಹೋಲಿಸಿದರು. ಒಂದು, ನಾನಾ ದೇಶಗಳಿಂದ ಬಂದ ಕುಟುಂಬಗಳು ನೆಲೆಸಿದ್ದ ಒಳನಗರದ ಹ್ಯಾಕ್ನಿ. ಇನ್ನೊಂದು, ಈಸ್ಟ್ ಎಂಡ್‌ನ ಹಳೆಯ ಬಿಳಿಯ ಕುಟುಂಬಗಳು ವಲಸೆ ಹೋಗಿ ಸೇರಿಕೊಂಡಿದ್ದ ಪೂರ್ವದಂಚಿನ ಹೇವರಿಂಗ್. ಹೊಸ ಉಚ್ಚಾರಗಳು ಮತ್ತು ಹೊಸ ವ್ಯಾಕರಣ ಹೆಚ್ಚಾಗಿ ಸಿಕ್ಕಿದ್ದು ಹ್ಯಾಕ್ನಿಯಲ್ಲಿ. ಅಲ್ಲಿಯೂ ಅವು ಒಂದು ಜನಾಂಗದ ಸೊತ್ತಾಗಿರಲಿಲ್ಲ. ಬೇರೆ ಬೇರೆ ಮೂಲದ ಗೆಳೆಯರ ಬಳಗವಿದ್ದ ಬಿಳಿಯ ಹುಡುಗರ ಬಾಯಲ್ಲಿಯೂ ಅದೇ ನುಡಿಯಿತ್ತು. ಒಬ್ಬನ ಮಾತನ್ನು ತಿದ್ದಿ ರೂಪಿಸುವುದರಲ್ಲಿ ಅವನ ಚರ್ಮದ ಬಣ್ಣಕ್ಕಿಂತ ಗೆಳೆಯರ ಬಳಗದ ಕೈ ದೊಡ್ಡದೆಂಬ ಈ ಸಂಗತಿಯೇ ನನ್ನ ಮಟ್ಟಿಗೆ ಆ ಅಧ್ಯಯನದ ತಿರುಳು.

ಇದು ಹೇಗಾಯಿತೆಂಬುದಕ್ಕೆ ಊರಿನ ಇತಿಹಾಸದಲ್ಲಿ ಉತ್ತರವಿದೆ. 1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಶ್ ಹಡಗು ಟಿಲ್ಬರಿಗೆ ಬಂದು ನಿಂತಂದಿನಿಂದ ಕೆರಿಬಿಯನ್ ದ್ವೀಪಗಳವರು, ನಂತರದ ದಶಕಗಳಲ್ಲಿ ಬಾಂಗ್ಲಾದೇಶ, ನೈಜೀರಿಯ, ಘಾನಾ, ಟರ್ಕಿ, ಸೊಮಾಲಿಯ ದೇಶಗಳವರು ಲಂಡನ್ನಿನಲ್ಲಿ ನೆಲೆಯೂರಿದರು. ಅದೇ ಕಾಲದಲ್ಲಿ ಪೂರ್ವ ಲಂಡನ್ನಿನ ಹಳೆಯ ಆಡುನುಡಿಯಾದ ಕಾಕ್ನಿಯನ್ನು ಆಡುತ್ತಿದ್ದ ಅನೇಕ ಕುಟುಂಬಗಳು ಎಸೆಕ್ಸ್‌ನ ಹೊಸ ಪಟ್ಟಣಗಳತ್ತ ಹೊರಟುಹೋದವು. ಹೀಗಾಗಿ ಕೆಲವು ಬೀದಿಗಳಲ್ಲಿ ಅನುಕರಿಸಲು ತಕ್ಕ ‘ಸ್ಥಳೀಯ’ ಹಿರಿಯರ ಸಂಖ್ಯೆಯೇ ಕುಗ್ಗಿತು. ಅಪ್ಪ ಅಮ್ಮಂದಿರ ಇಂಗ್ಲಿಷ್ ಅರೆಬರೆ, ಇಲ್ಲವೇ ಲಾಗೋಸಿನದೋ ಕಿಂಗ್‌ಸ್ಟನ್ನಿನದೋ ಇಂಗ್ಲಿಷ್. ಪಕ್ಕದ ಮನೆಯದು ಇನ್ನೊಂದು ಬಗೆಯದು. ಇಂಥಲ್ಲಿ ಮಗು ಇಂಗ್ಲಿಷನ್ನು ಕಲಿಯುವುದು ತನ್ನಷ್ಟೇ ಎತ್ತರದ, ತನ್ನಂತೆಯೇ ಈಗಷ್ಟೇ ಕಲಿಯುತ್ತಿರುವ ಮಕ್ಕಳಿಂದ. ಒಬ್ಬಂಟಿಯಾಗಿ ಎರಡನೆಯ ಭಾಷೆ ಕಲಿಯುವವನ ತಪ್ಪನ್ನು ಸುತ್ತಲಿನವರು ತಿದ್ದುತ್ತಾರೆ. ಇಡೀ ಕೇರಿಯೇ ಒಟ್ಟಾಗಿ ಕಲಿಯುವಾಗ ತಿದ್ದುವವರು ಯಾರು? 1967ರಲ್ಲಿ ಹೊಸ ಪಟ್ಟಣವೆಂದು ಘೋಷಿತವಾದ ಮಿಲ್ಟನ್ ಕೀನ್ಸ್‌ನಲ್ಲಿಯೂ ಮಕ್ಕಳೇ ಹೊಸ ನುಡಿ ಕಟ್ಟಿದರೆಂದು ಕರ್ಸ್‌ವಿಲ್ ಮೊದಲೇ ತೋರಿಸಿದ್ದರು. ಆದರೆ ಅಲ್ಲಿಗೆ ಬಂದವರಲ್ಲಿ ಬಹುಪಾಲು ಜನ ಇಂಗ್ಲಿಷ್ ತಾಯ್ನುಡಿಯವರಾಗಿದ್ದರಿಂದ ಏರುತಗ್ಗುಗಳು ಸವೆದು ಸಪಾಟಾದ ಮಾತು ಹುಟ್ಟಿತು. ಹ್ಯಾಕ್ನಿಯಲ್ಲಿ ಹುಟ್ಟಿದ್ದು ಅದಕ್ಕಿಂತ ದಿಟ್ಟವಾದದ್ದು.

ಹಲವು ಭಾಷೆಗಳ, ಹಲವು ಇಂಗ್ಲಿಷ್‌ಗಳ ಲಕ್ಷಣಗಳೆಲ್ಲ ಒಂದು ಕೆರೆಗೆ ಹರಿದು ಬಂದಂತೆ ಸೇರಿದಾಗ ಅವುಗಳಲ್ಲಿ ಯಾವುದು ಉಳಿಯುತ್ತದೆ? ಹಲವು ಮೂಲಗಳಿಗೆ ಸಮಾನವಾದದ್ದು ಉಳಿಯುವ ಸಂಭವ ಹೆಚ್ಚೆಂದು ಸಂಶೋಧಕರು ವಿವರಿಸುತ್ತಾರೆ. ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ, ಏಕೆಂದರೆ ಉದಾಹರಣೆ ನಮ್ಮ ವರ್ಣಮಾಲೆಯಲ್ಲೇ ಇದೆ. ಕಾಕ್ನಿಯವರು ‘ಫೇಸ್’ ಎಂಬ ಪದವನ್ನು ಬಹುತೇಕ ‘ಫೈಸ್’ ಎಂಬಂತೆ ಉಚ್ಚರಿಸುತ್ತಿದ್ದರು. ಹ್ಯಾಕ್ನಿಯ ಹುಡುಗರ ಬಾಯಲ್ಲಿ ಅದು ನಮ್ಮ ‘ಏ’ಕಾರಕ್ಕೆ ಹತ್ತಿರವಾದ ಶುದ್ಧ ಸ್ವರ, ‘ಗೋಟ್’ ಎಂಬಲ್ಲಿಯದು ‘ಓ’ಕಾರಕ್ಕೆ ಹತ್ತಿರವಾದದ್ದು. ಕೆರಿಬಿಯನ್, ಪಶ್ಚಿಮ ಆಫ್ರಿಕ, ಭಾರತ ಉಪಖಂಡ ಈ ಮೂರು ಕಡೆಯ ಇಂಗ್ಲಿಷ್‌ಗಳಲ್ಲೂ ಇಂಥ ಸ್ವರಗಳೇ ಇದ್ದುದರಿಂದ ಅವು ಗೆದ್ದವು. ಮಾತಿನ ಲಯವೂ ಹಾಗೆಯೇ. ಒತ್ತಿಲ್ಲದ ಅಕ್ಷರಗಳನ್ನು ನುಂಗಿಬಿಡುವ ಇಂಗ್ಲಿಷ್ ಓಟ ತಗ್ಗಿ, ಅಕ್ಷರಕ್ಕೆ ಅಕ್ಷರ ತೂಗಿ ನಡೆಯುವ ಗತಿ ಬಂದಿದೆ. ‘ಆ್ಯನ್ ಆ್ಯಪಲ್’ ಎನ್ನುವ ಬದಲು ‘ಅ ಆ್ಯಪಲ್’ ಎಂದು ನಡುವೆ ಗಂಟಲನ್ನು ತುಸು ಬಿಗಿದು ಹೇಳುವುದೂ ಈ ನುಡಿಯ ಗುರುತು. ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನ ಬಾಂಗ್ಲಾದೇಶಿ ಮೂಲದ ಹುಡುಗರಲ್ಲಿ ಸೂ ಫಾಕ್ಸ್ ಇದನ್ನು ಗಮನಿಸಿದ್ದರು. ಅವರ ಬಿಳಿಯ ಗೆಳೆಯರಿಗೂ ಅದು ಹರಡಿತ್ತು.

ಹಳೆಯ ಕಾಕ್ನಿಯ ಹೆಗ್ಗುರುತಾದ ಹಕಾರಲೋಪ ಇಲ್ಲಿ ಹಿಂದೆ ಸರಿದದ್ದು ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡಿತು. ಪಾಲು ಹಾಲಾಗಿ, ಕೆಲವರ ಬಾಯಲ್ಲಿ ಆಲಾದುದನ್ನು ಬಲ್ಲ ನಮಗೆ ಹಕಾರ ಬರುವುದೂ ಹೋಗುವುದೂ ಹೊಸದಲ್ಲ. ಆದರೆ ಶತಮಾನಗಳಿಂದ ಶಾಲಾ ಉಪಾಧ್ಯಾಯರು ಗದರಿಸಿದರೂ ಈಸ್ಟ್ ಎಂಡಿಗೆ ಮರಳದಿದ್ದ ಹಕಾರವನ್ನು, ‘ಭಾಷೆ ಕೆಡಿಸಿದರು’ ಎಂದು ಬೈಸಿಕೊಳ್ಳುವ ಹುಡುಗರೇ ಮರಳಿ ತಂದರಲ್ಲ!

‘ಇನಿಟ್’ ಎಂಬುದರ ಮೇಲೆ ಬಹಳ ಜನರಿಗೆ ಸಿಟ್ಟಿದೆ. ಕರ್ತೃ ಯಾರೇ ಆಗಿರಲಿ, ಕ್ರಿಯೆ ಯಾವ ಕಾಲದ್ದೇ ಆಗಿರಲಿ, ವಾಕ್ಯದ ಕೊನೆಗೆ ಅದೊಂದೇ ರೂಪ. ಶಿಷ್ಟ ಇಂಗ್ಲಿಷಿನಲ್ಲಿ ‘ಡಿಡಂಟ್ ಶಿ’, ‘ಆರಂಟ್ ದೇ’ ಎಂದು ಪ್ರತಿ ವಾಕ್ಯಕ್ಕೂ ಬೇರೆ ಬಾಲ ಹೊಲಿಯಬೇಕಾಗುತ್ತದೆ. ಅವಳು ಬಂದಳು ಅಲ್ವಾ, ಅವರು ಹೋಗುತ್ತಾರೆ ಅಲ್ವಾ ಎಂದು ಜೀವಮಾನವಿಡೀ ಒಂದೇ ‘ಅಲ್ವಾ’ದಲ್ಲಿ ಕಾಲ ಕಳೆದ ನಾವು ಈ ವಿಷಯದಲ್ಲಿ ಸಿಟ್ಟಾಗುವುದು ಅಷ್ಟು ಶೋಭಿಸುವುದಿಲ್ಲ. ಇನ್ನು ‘ಮ್ಯಾನ್’ ಎಂಬ ಪದ ಸರ್ವನಾಮವಾದ ಬಗೆಯನ್ನು ಚೆಷೈರ್ 2013ರಲ್ಲಿ ವಿವರವಾಗಿ ಬರೆದಿದ್ದಾರೆ. ‘ಮ್ಯಾನ್ಸ್ ಟಯರ್ಡ್’ ಎಂದು ಹುಡುಗ ಹೇಳಿದರೆ ದಣಿದವನು ಅವನೇ. ‘ಮನುಷ್ಯನಿಗೆ ಸುಸ್ತಾಗೋದಿಲ್ವೇನ್ರೀ’ ಎಂದು ನಮ್ಮಲ್ಲೊಬ್ಬರು ಗೊಣಗಿದಾಗ ಆ ಮನುಷ್ಯ ಯಾರೆಂದು ನಾವು ಕೇಳುತ್ತೇವೆಯೇ? ಹುಡುಗರ ಗುಂಪನ್ನು ಸೂಚಿಸುವ ‘ಮ್ಯಾನ್‌ಡೆಮ್’ನ ಬಾಲದಲ್ಲಿರುವ ‘ಡೆಮ್’ ಜಮೈಕದ ಬಹುವಚನ ಪ್ರತ್ಯಯ, ಅಣ್ಣಂದಿರಲ್ಲಿನ ‘ಅಂದಿರು’ ಇದ್ದಂತೆ.

ಪದಗಳಲ್ಲಿ ಜಮೈಕದ ಪಾಲು ದೊಡ್ಡದಾದ್ದರಿಂದಲೇ 2006ರ ಸುಮಾರಿಗೆ ಪತ್ರಿಕೆಗಳು ಇದಕ್ಕೆ ‘ಜಫೇಕನ್’ ಎಂಬ ಅಡ್ಡಹೆಸರಿಟ್ಟವು, ಜಮೈಕದವರ ನಕಲು ಎಂಬ ಧ್ವನಿಯೊಡನೆ. ಆ ಹೆಸರು ಅನ್ಯಾಯದ್ದು. ಬೇಕೆಂದಾಗ ತೊಟ್ಟು ಬೇಡವೆಂದಾಗ ಕಳಚುವ ವೇಷಕ್ಕೆ ನಕಲು ಎನ್ನಬಹುದು; ಸ್ವರಗಳೂ ಲಯವೂ ಹಾಗಲ್ಲ. 2007ರಿಂದ 2010ರವರೆಗೆ ನಡೆದ ಎರಡನೆಯ ಅಧ್ಯಯನದಲ್ಲಿ ನಾಲ್ಕೈದು ವರ್ಷದ ಮಕ್ಕಳ ಮಾತಿನಲ್ಲೇ ಈ ಸ್ವರಗಳು ಕಾಣಿಸಿಕೊಂಡವು, ಮತ್ತು ಆ ವಯಸ್ಸಿನವರು ಬೀದಿಯ ಠೀವಿಗೆಂದು ನಟಿಸುವವರಲ್ಲ. ಲಂಡನ್ನಿನಲ್ಲಿ ಹುಟ್ಟಿದ, ರ್ಯಾಪ್ ಬಗೆಯ ಗ್ರೈಮ್ ಸಂಗೀತವು ಪದಗಳನ್ನು ಮ್ಯಾಂಚೆಸ್ಟರ್‌ಗೂ ಬರ್ಮಿಂಗ್‌ಹ್ಯಾಮ್‌ಗೂ ಹೊತ್ತೊಯ್ದಿರಬಹುದು. ಸ್ವರಗಳು ಮಾತ್ರ ಒಡನಾಟವಿಲ್ಲದೆ ದಾಟುವುದು ಕಷ್ಟ.

ಇಂಗ್ಲಿಷಿಗಷ್ಟೇ ಆದದ್ದೂ ಅಲ್ಲ ಇದು. ಸ್ಟಾಕ್‌ಹೋಮಿನ ರಿಂಕೆಬಿಯ ಸ್ವೀಡಿಷನ್ನು ಉಲ್ಲಾ ಬ್ರಿಟ್ ಕೋಟ್ಸಿನಾಸ್ 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಬರ್ಲಿನ್ನಿನ ಕೀಟ್ಸ್‌ಡಾಯ್ಚ್ ಎಂಬ ಕೇರಿಯ ಜರ್ಮನ್ ಬಗ್ಗೆ ಹೈಕೆ ವೀಸ ಬರೆದಿದ್ದಾರೆ. ಟೊರಾಂಟೊದಲ್ಲಿ ಕೆರಿಬಿಯನ್ ಮತ್ತು ಸೊಮಾಲಿ ಪದಗಳು ಬೆರೆತ ಇನ್ನೊಂದು ಇಂಗ್ಲಿಷಿದೆ. ಕನ್ನಡದ ಒಂದು ಪದವಾದರೂ ಲಂಡನ್ನಿನ ಈ ನುಡಿಯೊಳಗೆ ಸೇರಿದ್ದನ್ನು ನಾನು ಕೇಳಿಲ್ಲ. ನಮ್ಮ ಸಂಖ್ಯೆ ಸಣ್ಣದು, ನಾವು ಒಂದೇ ಬೀದಿಯಲ್ಲಿ ಗುಂಪಾಗಿ ನೆಲೆಸಿದವರೂ ಅಲ್ಲ. ನಮ್ಮ ಮಕ್ಕಳು ಇದನ್ನು ಕಟ್ಟಿದವರಲ್ಲ, ಕಟ್ಟಿದ ಮನೆಗೆ ಬಾಡಿಗೆಗೆ ಬಂದವರು.

ಕಟ್ಟಿದವರಿಗೆ ಈಗ ಮೂವತ್ತೈದು ದಾಟಿದೆ. 2021ರ ಜನಗಣತಿಯಂತೆ ಲಂಡನ್ ನಿವಾಸಿಗಳಲ್ಲಿ ಶೇಕಡಾ 40.6ರಷ್ಟು ಜನ ಹೊರದೇಶದಲ್ಲಿ ಹುಟ್ಟಿದವರಾದ್ದರಿಂದ ಕೆರೆಗೆ ಹೊಸ ನೀರು ಬರುತ್ತಲೇ ಇದೆ. ಆದರೆ ಅಂದು ಧ್ವನಿಮುದ್ರಣಕ್ಕೆ ಮಾತಾಡಿದವರಲ್ಲಿ ಅಪ್ಪ ಅಮ್ಮಂದಿರಾದವರ ಮಕ್ಕಳಿಗೆ ಈ ನುಡಿ ಬೀದಿಯಿಂದಷ್ಟೇ ಅಲ್ಲ, ತೊಟ್ಟಿಲ ಬಳಿಯೂ ಕೇಳಿಸುತ್ತಿರುತ್ತದೆ. ಹೊಸ ನುಡಿ ಇನ್ನೂ ತಲುಪದ ಸ್ಥಳವೆಂದು ಹೋಲಿಕೆಗಾಗಿ ಆರಿಸಿಕೊಂಡಿದ್ದ ಹೇವರಿಂಗ್‌ನ ಶಾಲೆಗಳಲ್ಲಿಯೂ ಈಗ ಹಲವು ತಾಯ್ನುಡಿಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾರೆ.